ಅರ್ಧ ಬಿಗಿದ ಬೈರಾಸು

ಕಳೆದ ಕೊಯ್ಲಿಗೆ ಮುಂಚೆ ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ಗಾಯದ ರಕ್ತ ನಿಲ್ಲಿಸುವ ತರಬೇತಿ ಇಟ್ಟುಕೊಂಡಿದ್ದೆ. ಅಂಗಳದಲ್ಲಿ ಹನ್ನೆರಡು ಜನ. ಕೊನೆಗಾರರು, ಮರ ಕೊಯ್ಯುವ ಮೆಷಿನ್‌ನವರು, ಒಬ್ಬ ಜೀಪ್ ಡ್ರೈವರ್, ಮನೆಯ ಯಜಮಾನರು. ಗಾಯದ ಮೇಲ್ಗಡೆ ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಟೂರ್ನಿಕೆಟ್ ಪಟ್ಟಿಯನ್ನು ನನ್ನ ತೊಡೆಗೇ ಸುತ್ತಿಕೊಂಡು, ಅದರ ಕಡ್ಡಿ ತಿರುಗಿಸಲು ಒಬ್ಬ ಕೊನೆಗಾರನನ್ನು ಕರೆದೆ. ದಿನವಿಡೀ ಅಡಿಕೆ ಮರ ಹತ್ತುವ ಕೈ ಅದು. ಎರಡು ಸುತ್ತಿಗೇ ನನ್ನ ಬಾಯಿಂದ "ಅಮ್ಮಾ" ಬಂತು. ಅವನು ತಕ್ಷಣ ಸಡಿಲ ಮಾಡಿಬಿಟ್ಟ.

"ಯಾಕೋ ಬಿಟ್ಟೆ?" ಅಂದೆ.

"ನೀವು ಕೂಗಿದ್ರಲ್ಲ ಡಾಕ್ಟ್ರೇ."

ಇಷ್ಟೂ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಶಿವಮೊಗ್ಗದಲ್ಲಿ ತುರ್ತು ವಿಭಾಗದ ಕೆಲಸ ಮಾಡುತ್ತಾ ನಾನು ಕಂಡ ಕಟ್ಟುಗಳಲ್ಲಿ ಜಾಸ್ತಿ ಪಾಲು ಇಂಥವೇ. ಕಟ್ಟಿದ್ದಾರೆ, ಆದರೆ ಗಾಯಾಳು ಕೂಗಿದ ಕೂಡಲೇ ನಿಲ್ಲಿಸಿದ್ದಾರೆ. ಪಾಪ, ಕರುಣೆಯಿಂದಲೇ ನಿಲ್ಲಿಸಿದ್ದಾರೆ.

ಒಂದು ಮಳೆಗಾಲದಲ್ಲಿ ಹೊಸನಗರ ಕಡೆಯಿಂದ ಒಬ್ಬರನ್ನು ಜೀಪಿನಲ್ಲಿ ತಂದರು. ಮರ ಕೊಯ್ಯುವಾಗ ಮೆಷಿನ್ ಹಿಂದಕ್ಕೆ ಒದ್ದು ಮಂಡಿಯ ಮೇಲ್ಗಡೆ ಹರಿದಿತ್ತು. ತಮ್ಮಂದಿರು ತೊಡೆಗೆ ಬೈರಾಸು, ಅಂದರೆ ಹೆಗಲ ಟವೆಲ್ಲು, ಕಟ್ಟಿದ್ದರು. ಕಟ್ಟಿನ ಕೆಳಗೆ ಕಾಲು ನೇರಳೆ ಬಣ್ಣಕ್ಕೆ ತಿರುಗಿ, ನರಗಳು ಹಗ್ಗದ ಹಾಗೆ ಎದ್ದಿದ್ದವು. ರಕ್ತ ಮಾತ್ರ ಚಪ್ಪಲಿಗೆ ತೊಟ್ಟಿಕ್ಕುತ್ತಲೇ ಇತ್ತು. ಬೈರಾಸಿನ ಅಡಿಗೆ ನನ್ನ ಎರಡು ಬೆರಳು ಆರಾಮಾಗಿ ತೂರಿದವು. "ಕಟ್ಟಿದ ಮೇಲೂ ನಿಲ್ತಾ ಇಲ್ಲ ಸಾರ್, ಮೊದಲಿಗಿಂತ ಜಾಸ್ತಿನೇ ಆಯ್ತು" ಎಂದ ತಮ್ಮ. ಅವನು ಹೇಳಿದ್ದು ನಿಜ.

ಯಾಕೆ ಜಾಸ್ತಿಯಾಯಿತು? ಇದನ್ನು ನಾನು ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ. ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿ ಆಳದಲ್ಲಿ, ಎಲುಬಿನ ಹತ್ತಿರ ಇರುತ್ತದೆ. ಅದರೊಳಗೆ ಒತ್ತಡ ಜಾಸ್ತಿ. ವಾಪಸ್ ಒಯ್ಯುವ ಅಭಿಧಮನಿಗಳು ಮೆತ್ತಗಿನವು, ಸುಮಾರು ಚರ್ಮದ ಅಡಿಯಲ್ಲೇ ಇರುತ್ತವೆ, ಒತ್ತಡ ತೀರಾ ಕಡಿಮೆ. ಅರ್ಧ ಬಿಗಿದರೆ ಮೆತ್ತಗಿನ ನಾಳ ಮುಚ್ಚುತ್ತದೆ, ಆಳದ ನಾಳ ತೆರೆದೇ ಇರುತ್ತದೆ. ತೋಟದವರಿಗೆ ಹೇಳುವುದಾದರೆ, ಬಸಿಗಾಲುವೆಗೆ ಮಣ್ಣು ಮುಚ್ಚಿ ಪಂಪ್ ಚಾಲೂ ಇಟ್ಟ ಹಾಗೆ. ನೀರು ಬರುತ್ತಲೇ ಇದೆ, ಹೋಗಲು ದಾರಿಯಿಲ್ಲ. ಏರಿ ಒಡೆದಿರುವ ಕಡೆಯಿಂದಲೇ ನುಗ್ಗುತ್ತದೆ. ಅಂದರೆ ಗಾಯದಿಂದ.

ಹಾಗಾಗಿ ಟೂರ್ನಿಕೆಟ್‌ನಲ್ಲಿ "ಸ್ವಲ್ಪ ಬಿಗಿ" ಅನ್ನುವುದೇ ಇಲ್ಲ. ರಕ್ತ ನಿಲ್ಲುವ ತನಕ ತಿರುಗಿಸಬೇಕು. ಸರಿಯಾಗಿ ಬಿಗಿದಿದ್ದರೆ ಪಾದದ ನಾಡಿ ಕೈಗೆ ಸಿಗಬಾರದು. ನೋವಾಗುತ್ತದೆ, ಜೋರಾಗಿಯೇ ಆಗುತ್ತದೆ. ಕೂಗುತ್ತಾರೆ, ಬೈಯುತ್ತಾರೆ. ಬೈಯಲಿ ಬಿಡಿ, ಬೈಯುವಷ್ಟು ಉಸಿರು ಇದೆಯಲ್ಲ. ಒಂದರಲ್ಲಿ ನಿಲ್ಲದಿದ್ದರೆ ಅದನ್ನು ಬಿಚ್ಚದೆ, ಅದರ ಮೇಲ್ಗಡೆ ಇನ್ನೊಂದು ಹಾಕಿ. ದಪ್ಪ ತೊಡೆಗೆ ಎಷ್ಟೋ ಸಲ ಎರಡು ಬೇಕಾಗುತ್ತವೆ. ಕಿಟ್‌ನಲ್ಲಿ ಎರಡು ಇಡಿ ಅನ್ನುವುದು ಅದಕ್ಕೇ. ಅಂಗಡಿಯವನಿಗೆ ಲಾಭ ಮಾಡಿಕೊಡಲಿಕ್ಕಲ್ಲ.

ಇದರ ಜೊತೆಗೆ ಇನ್ನೊಂದು ಚಾಳಿ ಇದೆ. ಹದಿನೈದು ನಿಮಿಷಕ್ಕೊಮ್ಮೆ ಸಡಿಲ ಮಾಡುವುದು. ಹಳೆಯ ಪ್ರಥಮ ಚಿಕಿತ್ಸೆ ಪಾಠದಲ್ಲಿ ಹಾಗೆಯೇ ಇತ್ತು, ಓದಿದವರ ತಪ್ಪಲ್ಲ. ಈಗ ಹಾಗಿಲ್ಲ. ಸಡಿಲ ಮಾಡಿದಷ್ಟು ಸಲವೂ ಗಾಯದ ಬಾಯಲ್ಲಿ ಹೆಪ್ಪುಗಟ್ಟಿದ್ದು ಕಿತ್ತುಹೋಗುತ್ತದೆ, ಒಳಗೆ ಉಳಿದಿರುವುದೂ ಹರಿದುಹೋಗುತ್ತದೆ. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್. ಹಾಕಿದ ಹೊತ್ತು ಬರೆದಿಡಿ, ಬಿಚ್ಚುವ ಕೆಲಸ ಆಸ್ಪತ್ರೆಯವರಿಗೆ ಬಿಡಿ. ಕಾಲೇ ಹೋಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಎರಡು ಗಂಟೆಯವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದು ವೈದ್ಯರು ಒಪ್ಪುತ್ತಾರೆ. 2006ರಲ್ಲಿ ಬಾಗ್ದಾದ್‌ನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಟೂರ್ನಿಕೆಟ್ ಹಾಕಿದ್ದ 232 ಗಾಯಾಳುಗಳ ಲೆಕ್ಕ ಇಟ್ಟಿದ್ದರು. ಬರೀ ಪಟ್ಟಿಯ ಕಾರಣಕ್ಕೆ ಒಬ್ಬರೂ ಕೈಕಾಲು ಕಳೆದುಕೊಂಡಿರಲಿಲ್ಲ. ರಕ್ತ ಹೋಗಿ ಮೈ ತಣ್ಣಗಾಗಿ, ನಾಡಿ ಕುಸಿದು ಶಾಕ್‌ಗೆ ಹೋಗುವ ಮುಂಚೆ ಹಾಕಿಸಿಕೊಂಡವರಲ್ಲಿ ಶೇ. 90 ಜನ ಉಳಿದರು. ಶಾಕ್ ಆದ ಮೇಲೆ ಹಾಕಿಸಿಕೊಂಡವರಲ್ಲಿ ಉಳಿದದ್ದು ಶೇ. 10 ಮಾತ್ರ. ಅದು ಯುದ್ಧದ ಗಾಯ, ನಮ್ಮದು ಮೆಷಿನ್ ಮತ್ತು ಕತ್ತಿಯ ಗಾಯ. ಅಂಕಿ ಹಾಗೆಹಾಗೇ ಇಲ್ಲಿಗೆ ಕೂರುತ್ತದೆ ಅನ್ನಲಾರೆ. ಆದರೆ ಕಾಯುತ್ತಾ ಕೂತರೆ ಏನಾಗುತ್ತದೆ ಅನ್ನುವುದು ಎರಡೂ ಕಡೆ ಒಂದೇ.

ಇಷ್ಟು ಹೇಳಿದ ಮೇಲೆ ಹಾವಿನ ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾವು ಕಚ್ಚಿದರೆ ಇದನ್ನು ಹಾಕಲೇಬೇಡಿ. ಬೈರಾಸು, ಹಗ್ಗ, ಬಾಳೆನಾರು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಬನ್ನಿ. ನಮ್ಮಲ್ಲಿ ನಡೆಯುವುದು ಸರಿಯಾಗಿ ಉಲ್ಟಾ. ಹಾವಿಗೆ ಮೈಯೆಲ್ಲ ಶಕ್ತಿ ಹಾಕಿ ಬಿಗಿಯುತ್ತಾರೆ, ಕತ್ತಿ ಏಟಿಗೆ ಅರ್ಧ ಬಿಗಿಯುತ್ತಾರೆ.

ಇನ್ನು ಕಿಟ್. ಒಂದು ಇಲಾಖೆಯವರು, ಯಾವುದು ಅಂತ ಕೇಳಬೇಡಿ, ಹೊಸದಾಗಿ ತರಿಸಿದ ಎಂಟು ಬ್ಯಾಗು ತಂದು ನನ್ನ ಟೇಬಲ್ ಮೇಲೆ ಸಾಲಾಗಿ ಇಟ್ಟರು. ಮಿಲಿಟರಿ ಬಣ್ಣ, ಹೊರಗೆಲ್ಲ ಜಿಪ್ಪು. ಒಳಗೆ ಹೊಲಿಗೆ ಹಾಕುವ ಸೂಜಿ, ಎದೆಗೆ ಚುಚ್ಚುವ 14 ಗೇಜ್ ಸೂಜಿ, ಮೂಗಿನಲ್ಲಿ ತೂರಿಸುವ ನಳಿಕೆ. ಗಾಜ್ ಬಟ್ಟೆ ಎಷ್ಟಿತ್ತು? ಅಂಗೈಯಗಲದ ಎರಡು ತುಂಡು. "ಈ ಸೂಜಿ ಯಾರು ಚುಚ್ಚುತ್ತಾರೆ?" ಅಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಎದೆಗೆ ಸೂಜಿ ಹಾಕುವುದು ಕಲಿತವರ ಕೆಲಸ. ಕಲಿಯದವರ ಕೈಗೆ ಕೊಟ್ಟರೆ ಇರುವ ಗಾಯಕ್ಕೆ ಇನ್ನೊಂದು ಸೇರುತ್ತದೆ. ಸೈನಿಕರ ಚಿಕಿತ್ಸಾ ಕ್ರಮ 1996ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಅದನ್ನು ಅನುಸರಿಸುವವರು ಈಗಲೂ ಮೊದಲು ನೋಡುವುದು ಹರಿಯುವ ರಕ್ತವನ್ನೇ. ಉಸಿರಿನ ದಾರಿ, ಎದೆ ಎಲ್ಲ ಆಮೇಲೆ. ಬ್ಯಾಗಿನ ಬಣ್ಣ ಅವರಿಂದ ತಂದವರು ಆ ಸರದಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದರು.

ಮನೆಯವರು ತರುವುದು ಇನ್ನೊಂದು ಥರದ ಡಬ್ಬಿ. ನೂರು ಐಟಂ ಇದೆ ಸಾರ್ ಅನ್ನುತ್ತಾರೆ. ಎಣಿಸಿದರೆ ಅರ್ಧಕ್ಕರ್ಧ ಬೆರಳಿಗೆ ಅಂಟಿಸುವ ಪಟ್ಟಿ. ಅದು ಬೇಡ ಅನ್ನುವುದಿಲ್ಲ, ಅಡಿಕೆ ಸುಲಿಯುವ ಮನೆಯಲ್ಲಿ ಮೆಟ್ಟುಗತ್ತಿ ತಾಗುವುದು ಇದ್ದೇ ಇದೆ. ಅದಕ್ಕೆ ಬೇರೆ ಡಬ್ಬಿ ಮಾಡಿ. ಪ್ರಾಣ ಉಳಿಸುವ ಬ್ಯಾಗಿನಲ್ಲಿ ಅದನ್ನೆಲ್ಲ ತುಂಬಿದರೆ, ಬೇಕಾದ ಹೊತ್ತಿಗೆ ರಕ್ತ ಹತ್ತಿದ ಕೈಗೆ ಕೆಮ್ಮಿನ ಔಷಧಿ ಸಿಗುತ್ತದೆ.

ನಾನು ತುಂಬಿಸುವ ಬ್ಯಾಗು ಚಿಕ್ಕದು. ಟೂರ್ನಿಕೆಟ್ ಎರಡು, ಪ್ಲಾಸ್ಟಿಕ್ ಕವರು ಹರಿದು ಮಡಚಿ, ಮೇಲೇ ಸಿಗುವ ಹಾಗೆ. ಗಾಜ್ ಸುರುಳಿ ಜಾಸ್ತಿ, ನಾಚಿಕೆಯಾಗುವಷ್ಟು ಜಾಸ್ತಿ. ಆರು ಇಂಚಿನ ಕ್ರೇಪ್ ಬ್ಯಾಂಡೇಜ್ ನಾಲ್ಕು. ನಮ್ಮ ಮಳೆಗೆ ಅಂಟು ಟೇಪು ನೆಚ್ಚಬೇಡಿ. ಒದ್ದೆ ಚರ್ಮಕ್ಕೆ ಅದು ಹಿಡಿಯುವುದಿಲ್ಲ, ಸುತ್ತಿ ಕಟ್ಟುವುದೇ ವಾಸಿ. ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ, ಕೈಗವಸು, ಅಳಿಸದ ಮಾರ್ಕರ್ ಪೆನ್ನು. ದುಡ್ಡಿದ್ದರೆ ರಕ್ತ ಹೆಪ್ಪುಗಟ್ಟಿಸುವ ಔಷಧ ಸವರಿದ ಗಾಜ್ ಒಂದೆರಡು. ಅದನ್ನು ತುಂಬಿ ಮೂರು ನಿಮಿಷ ಒತ್ತಿದರೆ ಸಾಕಾಗುತ್ತದೆ, ಬರೀ ಗಾಜ್‌ಗೆ ಜಾಸ್ತಿ ಹೊತ್ತು ಬೇಕು. ಹತ್ತಿ ಬೇಡ. ಕಾಫಿ ಪುಡಿ, ಅರಿಶಿನ, ಕಮ್ಯುನಿಸ್ಟ್ ಗಿಡದ ರಸ ಬೇಡ. ಚಿಮ್ಮುವ ರಕ್ತದ ಮುಂದೆ ಅವು ನಿಲ್ಲುವುದಿಲ್ಲ, ಆಮೇಲೆ ತೊಳೆಯುವಾಗ ನಮಗೆ ಕಾಣುವುದು ಕೆಸರು.

ಮತ್ತೆ ಒಂದು ಕಂಬಳಿ. ಕೊಪ್ಪೆ ಮಾಡಿಕೊಳ್ಳುತ್ತಿದ್ದ ಅದೇ ಕರಿ ಕಂಬಳಿ ಆದೀತು, ಒಣಗಿದ್ದರೆ. ಜೊತೆಗೊಂದು ಪ್ಲಾಸ್ಟಿಕ್ ಹಾಳೆ. ರಕ್ತ ಹೋದವನ ಮೈ ತಾನಾಗಿಯೇ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿದ್ದರೆ ಇನ್ನೂ ಹೋಗುತ್ತದೆ. ಆಗುಂಬೆ ಮಳೆಯಲ್ಲಿ ನೆನೆದವನನ್ನು ಒದ್ದೆ ಬಟ್ಟೆಯಲ್ಲೇ ಜೀಪಿನ ಹಿಂದೆ ಮಲಗಿಸಿ, ಗಾಳಿಯಾಡಲಿ ಅಂತ ಟಾರ್ಪಾಲು ಎತ್ತಿ ಕಟ್ಟುತ್ತಾರೆ. ಗಾಳಿ ಬೇಡ ಮಾರಾಯ್ರೆ, ಬೆಚ್ಚಗಿಡಿ.

ಟೂರ್ನಿಕೆಟ್ ಕೊಳ್ಳುವಾಗ ಹುಷಾರು. ಆನ್‌ಲೈನ್‌ನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ ನಕಲಿಗಳು ನೋಡಲು ಅಸಲಿಯ ತದ್ರೂಪ. ಕಡ್ಡಿ ಮಾತ್ರ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ನಾನೇ ಒಂದನ್ನು ಮೂರನೇ ಸುತ್ತಿಗೆ ಮುರಿದಿದ್ದೇನೆ, ನನ್ನ ಕೈ ಏನು ಕೊನೆಗಾರನ ಕೈಯಲ್ಲ. ಅಭ್ಯಾಸಕ್ಕೆ ಒಂದು ಬೇರೆಯೇ ಇಡಿ. ಎಳೆದು ಎಳೆದು ಬಳಸಿದ ಪಟ್ಟಿ ನಿಜವಾದ ಹೊತ್ತಿಗೆ ಕೈಕೊಡಬಹುದು. ಹಾಕುವಾಗ ಗಾಯದಿಂದ ಎರಡು ಮೂರು ಇಂಚು ಮೇಲೆ, ಮಂಡಿ ಮೊಣಕೈ ಗಂಟು ಬಿಟ್ಟು ಹಾಕಿ. ಪ್ಯಾಂಟಿನ ಜೇಬು ನೋಡಿ. ಪಟ್ಟಿಯ ಅಡಿಗೆ ಸುಣ್ಣದ ಡಬ್ಬಿ ಸಿಕ್ಕಿಕೊಂಡರೆ ಎಷ್ಟು ತಿರುಗಿಸಿಯೂ ಪ್ರಯೋಜನವಿಲ್ಲ. ಏನೂ ಇಲ್ಲದ ಕಡೆ ಎರಡು ಬೆರಳಗಲದ ಗಟ್ಟಿ ಬಟ್ಟೆ ಕಟ್ಟಿ, ಅದರಲ್ಲಿ ಕೋಲು ಸಿಕ್ಕಿಸಿ ತಿರುಗಿಸಬಹುದು. ಕೋಲಿಲ್ಲದೆ ಬರೀ ಕೈಯಲ್ಲಿ ಎಳೆದು ಗಂಟು ಹಾಕಿದ್ದು ಸಾಕಾಗುವುದು ತೀರಾ ಅಪರೂಪ. ಇದು ಓದಿ ಬರುವ ವಿದ್ಯೆಯೂ ಅಲ್ಲ. ಗೊತ್ತಿದ್ದವರ ಎದುರಿಗೆ ಒಮ್ಮೆಯಾದರೂ ಮಾಡಿ ನೋಡಬೇಕು.

ತೊಡೆಸಂದು, ಕಂಕುಳು, ಕುತ್ತಿಗೆಗೆ ಪಟ್ಟಿ ಹಾಕಲು ಬರುವುದಿಲ್ಲ. ಅಲ್ಲಿ ಗಾಯದೊಳಗೇ ಗಾಜ್ ತುರುಕಿ ಒತ್ತಬೇಕು. ಎದೆ ಮತ್ತು ಹೊಟ್ಟೆಯ ಗಾಯಕ್ಕೆ ಮಾತ್ರ ಹಾಗೆ ತುರುಕಬಾರದು. ಸಾಗರ ಕಡೆಯಿಂದ ಒಬ್ಬರಿಗೆ ಕಾಟಿ, ಅಂದರೆ ಕಾಡುಕೋಣ, ತಿವಿದು ತೊಡೆಸಂದು ಹರಿದಿತ್ತು. ಹೆಂಡತಿ ಒಗೆದ ಸೀರೆ ಹರಿದು ಗಾಯಕ್ಕೆ ತುಂಬಿ, ಮುಷ್ಟಿ ಇಟ್ಟು ಮೈಭಾರ ಬಿಟ್ಟಿದ್ದಾಳೆ. ಆಸ್ಪತ್ರೆ ಬಾಗಿಲಿನವರೆಗೆ ಕೈ ಎತ್ತಿಲ್ಲ. ಸ್ಟ್ರೆಚರ್ ಜೊತೆಗೇ ಬಗ್ಗಿಕೊಂಡು ಒಳಗೆ ಬಂದಳು. ಬಿಡಮ್ಮ, ಇನ್ನು ನಾವು ಹಿಡೀತೀವಿ ಅಂದರೂ ಬೆರಳು ಬಿಚ್ಚಲು ಬರಲಿಲ್ಲ, ಮರಗಟ್ಟಿದ್ದವು. ನರ್ಸು ಒಂದೊಂದೇ ಬಿಡಿಸಿದರು. "ನಡುವೆ ತೆಗೆದು ನೋಡಿದ್ಯಾ?" ಎಂದು ಕೇಳಿದೆ. "ಅಯ್ಯೋ, ನೋಡೋಕೆ ಹೆದರಿಕೆ ಆಯ್ತು" ಅಂದಳು. ಆ ಹೆದರಿಕೆಯಿಂದಲೇ ಅವರು ಉಳಿದರು. ಧೈರ್ಯ ಇರುವ ಗಂಡಸರೇ ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನಿಂತಿತಾ ಎಂದು ನೋಡುವುದು.

ಪೊಲೀಸ್ ಕೇಸಿನ ಹೆದರಿಕೆಗೆ ಒಂದೇ ಮಾತು. 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಸೇರಿದೆ. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಇದೆ. 108ಕ್ಕೆ ಫೋನ್ ಮಾಡುವಾಗ ಪಟ್ಟಿ ಹಾಕಿದ ಹೊತ್ತೂ ಹೇಳಿ.

ಬ್ಯಾಗು ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಮೆಷಿನ್ ಎಲ್ಲಿಗೆ ಹೋಗುತ್ತದೋ ಬ್ಯಾಗೂ ಅಲ್ಲಿಗೆ ಹೋಗಬೇಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಿ, ಬೂಸಲು ಬಂದ ಗಾಜ್ ಎಸೆಯಿರಿ. ಮೊನ್ನೆ ಅದೇ ತೋಟದ ಮನೆಗೆ ಹಾಗೆ ನೋಡಲು ಹೋಗಿದ್ದೆ. ಬ್ಯಾಗಿನಲ್ಲಿ ಟೂರ್ನಿಕೆಟ್ ಒಂದೇ ಇತ್ತು. ಯಜಮಾನರು ಮನೆಯೆಲ್ಲ ಹುಡುಕಿಸಿದರು. ಕಡೆಗೆ ಸಿಕ್ಕಿದ್ದು ಕೊಟ್ಟಿಗೆ ಪಕ್ಕ. ಮೊಮ್ಮಗ ಅದರಲ್ಲಿ ಶಾಲೆಯ ಚೀಲವನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡಿದ್ದ. ಕಡ್ಡಿ ಪೂರಾ ತಿರುಗಿಸಿ ಕೊಕ್ಕೆಗೆ ಸಿಕ್ಕಿಸಿದ್ದ. ಅಡಿಗೆ ಬೆರಳು ತೂರಿಸಲು ನೋಡಿದೆ, ಒಂದು ಬೆರಳೂ ಹೋಗಲಿಲ್ಲ. ಅದು ಸೈಕಲ್ಲಿಗೇ ಇರಲಿ, ಬ್ಯಾಗಿಗೆ ಹೊಸದು ತರಿಸಿ ಎಂದು ಹೇಳಿ ಬಂದೆ.