ಕಬಡ್ಡಿ ನಮ್ಮದೇ ಆಟ ಅಲ್ವಾ, ಮತ್ತೆ ನಮ್ಮ ಹುಡುಗಿಯರು ಒಂದೇ ಅಂಕದಲ್ಲಿ ಗೆದ್ದದ್ದು ಯಾಕೆ?

ಏಷ್ಯನ್ ಗೇಮ್ಸ್ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌ ಫೈನಲ್‌ನಲ್ಲಿ ಭಾರತ 26, ಚೈನೀಸ್ ತೈಪೆ (ಅಂದರೆ ತೈವಾನ್) 25. ನಮ್ಮವರ ಆಟ ಅಷ್ಟು ಕೆಟ್ಟಿತ್ತಾ?

ಇಲ್ಲ. ಎದುರಿನವರು ಚೆನ್ನಾಗಿ ಕಲಿತಿದ್ದಾರೆ, ಕೆಲವರಂತೂ ನಮ್ಮವರ ಹತ್ತಿರವೇ ಕಲಿತಿದ್ದಾರೆ.

ಗಂಡಸರ ಕಬಡ್ಡಿ 1990ರ ಬೀಜಿಂಗ್‌ನಿಂದಲೇ ಏಷ್ಯನ್ ಗೇಮ್ಸ್‌ನಲ್ಲಿದೆ. ಹೆಂಗಸರಿಗೆ ಜಾಗ ಸಿಕ್ಕಿದ್ದು 20 ವರ್ಷ ಕಳೆದ ಮೇಲೆ, 2010ರ ಗುವಾಂಗ್‌ಝೌನಲ್ಲಿ. ಅಲ್ಲಿ ಫೈನಲ್‌ನಲ್ಲಿ ಥಾಯ್ಲೆಂಡ್ ಮೇಲೆ 28-14, ಸರಿಯಾಗಿ ಎರಡು ಪಟ್ಟು. 2014ರ ಇಂಚಿಯಾನ್‌ನಲ್ಲಿ ಇರಾನ್ ಮೇಲೆ 31-21. ಎರಡೂ ಸಲ ನಮ್ಮ ಕಾರ್ಕಳದ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ತಂಡದಲ್ಲಿದ್ದರು. ಅಂತರ ಆಗಲೇ 14ರಿಂದ 10ಕ್ಕೆ ಇಳಿದಿತ್ತು ನೋಡಿ.

ಆಮೇಲೆ 2018ರ ಜಕಾರ್ತಾ. ಇರಾನ್ 27, ಭಾರತ 24. ಆವತ್ತು ಇರಾನ್ ಹುಡುಗಿಯರ ಕೋಚ್ ಆಗಿ ಅಂಕಣದ ಪಕ್ಕದಲ್ಲಿದ್ದವರು ಮಹಾರಾಷ್ಟ್ರದ ನಾಶಿಕ್‌ನ ಶೈಲಜಾ ಜೈನ್. ಭಾರತ ತಂಡಕ್ಕೆ ಕೋಚ್ ಆಗುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ. ಇರಾನ್‌ಗೆ ಹೋದರು, ಹುಡುಗಿಯರ ಜೊತೆ ಮಾತಾಡೋಕೆ ಅಂತ ಅವರ ಫಾರ್ಸಿ (ಪರ್ಶಿಯನ್) ಭಾಷೆ ಕಲಿತರು, ತರಬೇತಿಯಲ್ಲಿ ಯೋಗ, ಪ್ರಾಣಾಯಾಮ ಸೇರಿಸಿದರು. ಉಸಿರು ಹಿಡಿದು ಆಡುವ ಆಟಕ್ಕೆ ಪ್ರಾಣಾಯಾಮ! ನಮ್ಮ ಮನೆಯಲ್ಲೇ ಇದ್ದ ವಿದ್ಯೆ ಅದು, ಬೇರೆ ಮನೆಗೆ ಚಿನ್ನ ತಂದುಕೊಟ್ಟಿತು. ನನಗೆ ಆ ಸೋಲಿನ ಬೇಜಾರಿಗಿಂತ ಈ ವಿಷಯದ ಬೇಜಾರೇ ಜಾಸ್ತಿ.

ಇನ್ನು ಒಂದೇ ಅಂಕದ ವಿಷಯ. ಹಾಂಗ್‌ಝೌನಲ್ಲಿ ಸೆಮಿಫೈನಲ್‌ನಲ್ಲಿ ನೇಪಾಳವನ್ನು 61-17ರಲ್ಲಿ ಸೋಲಿಸಿದ್ದ ತಂಡವೇ ಇದು. ಆದರೆ ತೈಪೆ ಜೊತೆ ಲೀಗ್ ಪಂದ್ಯ 34-34ರಲ್ಲಿ ಸಮ ಆಗಿತ್ತು, ಹಾಗಾಗಿ ಫೈನಲ್ ಸುಲಭ ಇರಲ್ಲ ಅಂತ ರಿತು ನೇಗಿ ನಾಯಕತ್ವದ ನಮ್ಮ ತಂಡಕ್ಕೆ ಗೊತ್ತೇ ಇತ್ತು. ಅರ್ಧ ಆಟಕ್ಕೆ 14-9 ಮುಂದಿದ್ದರು. ಐದು ಅಂಕ ಅಂದರೆ ದೊಡ್ಡದು ಅನ್ನಿಸಬಹುದು, ಕಬಡ್ಡಿಯಲ್ಲಿ ಅದು ಏನೂ ಅಲ್ಲ. ಅಂಕಣದಲ್ಲಿ ನಮ್ಮವರು ಮೂರೇ ಜನ ಉಳಿದಿದ್ದಾರೆ ಅಂದುಕೊಳ್ಳಿ. ಅವರ ರೈಡರ್ (ಎದುರಿನ ಅಂಕಣಕ್ಕೆ ನುಗ್ಗುವವಳು) ಒಂದೇ ರೈಡ್‌ನಲ್ಲಿ ಇಬ್ಬರನ್ನು ಮುಟ್ಟಿ ನಡುಗೆರೆ ತಲುಪಿದರೆ, ಮುಂದಿನ ರೈಡ್‌ಗೆ ಹೋದ ನಮ್ಮ ಕೊನೆಯವಳನ್ನು ಅವರು ಹಿಡಿದುಬಿಟ್ಟರೆ ಮೂರು ಅಂಕ, ಜೊತೆಗೆ ಲೋನಾದ (ಇಡೀ ತಂಡ ಔಟ್ ಆದರೆ ಎದುರಾಳಿಗೆ ಸಿಗುವ) ಎರಡು. ಎರಡೇ ರೈಡ್, ಐದು ಅಂಕ, ಲೆಕ್ಕ ಸಮ.

ಬೋನಸ್, ಅಂದರೆ ಯಾರನ್ನೂ ಮುಟ್ಟದೆಯೂ ರೈಡರ್‌ಗೆ ಸಿಗುವ ಒಂದು ಅಂಕ, ಇನ್ನೂ ಸೂಕ್ಷ್ಮ. ಎದುರಿಗೆ ಆರು ಅಥವಾ ಏಳು ಜನ ಇರಬೇಕು, ರೈಡರ್‌ನ ಒಂದು ಪಾದ ಬೋನಸ್ ಗೆರೆ ಪೂರ್ತಿ ದಾಟಿ ಆಚೆ ಊರಬೇಕು, ಅದೇ ಹೊತ್ತಿಗೆ ಇನ್ನೊಂದು ಪಾದ ನೆಲ ಬಿಟ್ಟು ಗಾಳಿಯಲ್ಲಿರಬೇಕು. ಹಿಂದಿನ ಕಾಲಿನ ಹೆಬ್ಬೆರಳು ಮ್ಯಾಟ್‌ಗೆ ತಾಗಿದ್ದರೂ ಅಂಕ ಇಲ್ಲ. ಅಷ್ಟರಲ್ಲಿ ಕಾರ್ನರ್‌ನಲ್ಲಿ ಬಗ್ಗಿ ಕಾಯುತ್ತಿದ್ದವಳು ಹಿಮ್ಮಡಿಗೆ ಕೈ ಹಾಕಿರುತ್ತಾಳೆ. ಹಾಂಗ್‌ಝೌ ಚಿನ್ನ ನಿಂತಿದ್ದು ಇಂಥ ಒಂದು ಅಂಕದ ಮೇಲೆ, ಮತ್ತು ಅದೇ ಆ ಕೂಟದಲ್ಲಿ ಭಾರತದ ನೂರನೇ ಪದಕ.

ಹಾಗಾದರೆ ಹಿಂದಿನ ಹಾಗೆ ದೊಡ್ಡ ಅಂತರದಲ್ಲಿ ಗೆಲ್ಲೋದು ಹೇಗೆ? ನನ್ನ ಪ್ರಕಾರ ಅಭ್ಯಾಸಕ್ಕಿಂತ ಪಂದ್ಯಗಳು ಬೇಕು. ಗಂಡಸರಿಗೆ 2014ರಿಂದ ಪ್ರೊ ಕಬಡ್ಡಿ ಇದೆ, ಸೀಸನ್ ಪೂರ್ತಿ ಒಳ್ಳೆ ರೈಡರ್‌ಗಳ ಎದುರು ಆಡುತ್ತಾರೆ. 2016ರಲ್ಲಿ ಅದರ ಜೊತೆಗೇ ಮೂರೇ ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ನಾಯಕಿ, ಫೈರ್ ಬರ್ಡ್ಸ್‌ಗೆ ಮಮತಾ. ಮುಂದಿನ ವರ್ಷ ಅದು ನಡೆಯಲೇ ಇಲ್ಲ. ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಅಂದರೆ ಊರಿಗೆ ಊರೇ ಸೇರುತ್ತದೆ, ಹುಡುಗಿಯರ ಪಂದ್ಯ ಇಟ್ಟರೂ ಜನ ಎದ್ದು ಹೋಗಲ್ಲ. ನೋಡುವವರಿಲ್ಲ ಅನ್ನೋದು ಸುಮ್ನೆ ನೆಪ.

2025ರ ನವೆಂಬರ್‌ನಲ್ಲಿ ಢಾಕಾದ ವಿಶ್ವಕಪ್ ಫೈನಲ್‌ನಲ್ಲೂ ಎದುರಿಗೆ ನಿಂತದ್ದು ಅದೇ ಚೈನೀಸ್ ತೈಪೆ. ನಮ್ಮವರು 35-28ರಲ್ಲಿ ಗೆದ್ದರು. ಈ ಸಲ ಅಂತರ ಏಳು ಅಂಕ.