ಆರ್ಕ್ ವೆಲ್ಡಿಂಗ್ ಕಲಿಯುವವರಿಗೆ: ತಡವಾಗಿ ಗೊತ್ತಾಗುವ ಪೆಟ್ಟುಗಳು

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದವರಿಗೆ ಆ ಕ್ಷಣದಲ್ಲಿ ನೋವೇ ಆಗುವುದಿಲ್ಲ. 6ರಿಂದ 12 ಗಂಟೆ ಕಳೆದು, ಎಷ್ಟೋ ಸಲ ರಾತ್ರಿ ಮಲಗಿದ ಮೇಲೆ, ಕಣ್ಣು ಚುಚ್ಚತೊಡಗುತ್ತದೆ, ನೀರು ಸುರಿಯುತ್ತದೆ, ಮಂದ ದೀಪವನ್ನೂ ನೋಡಲಾಗುವುದಿಲ್ಲ. ಆರ್ಕ್‌ನಿಂದ, ಅಂದರೆ ಕರಗುವ ವೆಲ್ಡಿಂಗ್ ರಾಡಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯಿಂದ, ಹೊರಡುವ ನೇರಳಾತೀತ ಕಿರಣ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗದ) ಮೇಲ್ಪದರದ ಜೀವಕೋಶಗಳನ್ನು ಆಗಲೇ ಘಾಸಿ ಮಾಡಿರುತ್ತದೆ. ಅವು ಸತ್ತು ಕಳಚಿ, ಕೆಳಗಿನ ನರದ ತುದಿಗಳು ತೆರೆದುಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಪದರ ಮತ್ತೆ ಬೆಳೆಯುತ್ತದೆ. ಅಷ್ಟರಲ್ಲಿ ಹಾಲಿನ ಹನಿ, ಆಲೂಗಡ್ಡೆ ಹೋಳು ಅಂತ ಮನೆಮದ್ದು ಮಾಡಿ ಹಸಿ ಗಾಯಕ್ಕೆ ಸೋಂಕು ತಂದುಕೊಳ್ಳಬಾರದು. ಕಣ್ಣು ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಅದು ಪದರ ಬೆಳೆಯುವುದನ್ನೇ ತಡೆಯುತ್ತದೆ. ಕಣ್ಣಿನ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಕಲಿಯುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದದ್ದು ಈ ತಡವನ್ನು. ಕರೆಂಟ್ ಶಾಕ್, ಮೈ ಸುಡುವ ಕಿಡಿಗಳನ್ನು ಬಿಟ್ಟರೆ ಈ ಕೆಲಸದ ದೊಡ್ಡ ಅಪಾಯಗಳು ಕೆಲಸ ಮುಗಿದ ಮೇಲೆಯೇ ತಲೆಯೆತ್ತುತ್ತವೆ. "ಇಷ್ಟು ಹೊತ್ತು ಮಾಡಿದೆ, ಏನೂ ಆಗಲಿಲ್ಲವಲ್ಲ" ಎಂಬ ಧೈರ್ಯಕ್ಕೆ ಇಲ್ಲಿ ಬೆಲೆಯಿಲ್ಲ.

ಹಾಗಾಗಿ ದುಡ್ಡು ಮೊದಲು ಹೋಗಬೇಕಾದದ್ದು ಮುಖಕವಚಕ್ಕೆ. 2.5 ಮಿ.ಮೀ. ರಾಡಿಗೆ 10 ಅಥವಾ 11ನೇ ಶೇಡ್ (ಕಪ್ಪಿನ ಮಟ್ಟ) ಗಾಜು ಬೇಕು. ತಂಪು ಕನ್ನಡಕ ಇದಕ್ಕೆ ಬದಲಿಯಲ್ಲ. ತಾನಾಗಿ ಕಪ್ಪಾಗುವ ಹೆಲ್ಮೆಟ್ ಹೊಸಬರಿಗೆ ನಿಜಕ್ಕೂ ಉಪಕಾರಿ: ಆರ್ಕ್ ಹೊತ್ತುವ ಮೊದಲು ರಾಡಿನ ತುದಿ ಎಲ್ಲಿದೆ ಎಂದು ಕಾಣುತ್ತದೆ, ಎರಡೂ ಕೈ ಬಿಡುವಾಗಿರುತ್ತದೆ. ಪ್ರಮಾಣಿತ ಹೆಲ್ಮೆಟ್ಟಿನ ಗಾಜು ಕಪ್ಪಾಗದೇ ಇದ್ದಾಗಲೂ ನೇರಳಾತೀತ ಕಿರಣವನ್ನು ತಡೆಯುತ್ತದೆ. ಕಿರಣ ಚರ್ಮವನ್ನೂ ಸುಡುವುದರಿಂದ ತುಂಬುತೋಳಿನ ದಪ್ಪ ಹತ್ತಿ ಅಂಗಿ, ಚರ್ಮದ ಕೈಗವಸು, ಶೂ ಬೇಕೇ ಬೇಕು. ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಮಕ್ಕಳು ನಿಂತು ನೋಡದಂತೆ ತಗಡಿನ ಮರೆ ಕಟ್ಟಿ.

ಈಗ ಕರೆಂಟು. 80 ಆಂಪ್‌ನಲ್ಲಿ ವೆಲ್ಡ್ ಮಾಡುವಾಗ ಆರ್ಕ್‌ನ ವೋಲ್ಟೇಜ್ ಸುಮಾರು 23, ಅಂದರೆ 1,840 ವಾಟ್. ಇನ್ವರ್ಟರ್ ಬಗೆಯ ವೆಲ್ಡಿಂಗ್ ಮೆಷಿನ್ನಿನೊಳಗಿನ ನಷ್ಟ, ಅದು ಕರೆಂಟನ್ನು ಸಮವಾಗಿ ಎಳೆಯದಿರುವುದು, ಎರಡನ್ನೂ ಸೇರಿಸಿದರೆ ಅದು 230 ವೋಲ್ಟ್ ಲೈನಿನಿಂದ 12ರಿಂದ 15 ಆಂಪ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪ್ ಸಾಕೆಟ್ಟಿಗೆ ಚುಚ್ಚಿದರೆ ವೈರು ಗೋಡೆಯೊಳಗೇ ಕಾಯುತ್ತದೆ. 16 ಆಂಪ್ ಸಾಕೆಟ್, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್), 4 ಚದರ ಮಿ.ಮೀ. ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಇರಲಿ.

ರಾಡ್ ಹೊತ್ತದೆ ಇರುವಾಗ ರಾಡ್ ಹಿಡಿಯುವ ಹೋಲ್ಡರ್ ಮತ್ತು ಬೆಸೆಯುವ ಲೋಹಕ್ಕೆ ಕಚ್ಚಿಸುವ ಕ್ಲಾಂಪ್ ನಡುವೆ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗವಸಿಗೆ ಇದು ಲೆಕ್ಕಕ್ಕಿಲ್ಲ, ಬೆವರಿನಲ್ಲಿ ನೆನೆದ ಕೈಗವಸಿಗೆ ಲೆಕ್ಕವುಂಟು. ಕರೆಂಟ್ ಸೋರಿದರೆ ಲೈನ್ ಕಡಿಯಲೆಂದು ಮನೆಯ ಬೋರ್ಡಿನಲ್ಲಿರುವ ಆರ್‌ಸಿಸಿಬಿ ಇಲ್ಲಿ ಕಾಪಾಡುವುದಿಲ್ಲ, ಏಕೆಂದರೆ ಮೆಷಿನ್ನಿನೊಳಗಿನ ಟ್ರಾನ್ಸ್‌ಫಾರ್ಮರ್ ಹೊರಗಿನ ಸರ್ಕ್ಯೂಟನ್ನು ಮನೆಯ ಲೈನಿನಿಂದ ಬೇರ್ಪಡಿಸಿರುತ್ತದೆ, ಆ ಕಡೆಯ ಸೋರಿಕೆ ಈ ಕಡೆಗೆ ಕಾಣುವುದೇ ಇಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅಂಗಳದ ಕೆಲಸ ಬೇಡ. ಒಣ ಹಲಗೆಯ ಮೇಲೆ ನಿಲ್ಲಿ, ಒಣ ಕೈಗವಸಿನಲ್ಲೇ ರಾಡ್ ಬದಲಿಸಿ, ಹೋಲ್ಡರನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳಬೇಡಿ. ಕ್ಲಾಂಪನ್ನು ಬೆಸುಗೆಯ ಹತ್ತಿರವೇ, ತುಕ್ಕು ಉಜ್ಜಿ ತೆಗೆದ ಜಾಗದಲ್ಲಿ ಕಚ್ಚಿಸಿ.

ಹೊಗೆಯ ವಿಷಯಕ್ಕೆ ಬಂದರೆ ಹೊಸಬರನ್ನು ಹೆಚ್ಚಾಗಿ ಕೆಡಿಸುವುದು ಜಿ.ಐ. ಪೈಪು, ಅಂದರೆ ಸತು ಲೇಪಿಸಿದ ಉಕ್ಕಿನ ಪೈಪು. ಗೇಟು, ಚಪ್ಪರದ ಕಂಬ ಅಂತ ಮನೆಯಲ್ಲಿ ಕೈಗೆ ಸಿಗುವುದೂ ಅದೇ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಅದರ ಮೇಲಿನ ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಹಾಗಾಗಿ ಬೆಸುಗೆ ಕೂಡುವ ಹೊತ್ತಿಗೆ ಸುತ್ತಲಿನ ಸತುವೆಲ್ಲ ಬಿಳಿ ಹೊಗೆಯಾಗಿ ಮುಖಕ್ಕೆ ಬಂದಿರುತ್ತದೆ. ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಅದು ಇಳಿಯುತ್ತದೆ, ಫ್ಲೂ ಇರಬೇಕು ಎಂದುಕೊಂಡು ಮರುವಾರ ಮತ್ತೆ ಅದೇ ಪೈಪಿಗೆ ಕೂರುವವರಿದ್ದಾರೆ. ಹಾಲು ಕುಡಿದರೆ ಹೊಗೆ ತಟ್ಟದು ಎಂಬ ನಂಬಿಕೆಗೆ ಆಧಾರವಿಲ್ಲ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಸತುವಿಲ್ಲದ ಉಕ್ಕಿನ ಹೊಗೆಯೂ ಸಾಧುವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ವರ್ಗೀಕರಿಸಿತು. ಬಯಲಲ್ಲಿ ಕೆಲಸ ಮಾಡಿ, ಗಾಳಿ ಪಕ್ಕದಿಂದ ಬೀಸಲಿ, ತಲೆ ಹೊಗೆಯ ನೇರಕ್ಕೆ ಇರದಿರಲಿ, ಹೆಲ್ಮೆಟ್ಟಿನ ಕೆಳಗೆ ಎನ್95 ಮಾಸ್ಕ್ ಇರಲಿ. ಕಲಿಯುವ ತನಕ ಜಿ.ಐ. ಮುಟ್ಟದಿರುವುದೇ ಲೇಸು.

ಬೆಂಕಿಯೂ ತಡಮಾಡಿ ಬರುವಂಥದ್ದು. ಕಿಡಿಗಳು 10 ಮೀಟರ್‌ವರೆಗೂ ಹಾರಬಲ್ಲವು. ಮರದ ಹೊಟ್ಟು, ಗೋಣಿಚೀಲದ ಮಡಿಕೆಯೊಳಗೆ ಹೊಕ್ಕ ಕಿಡಿ ಹೊಗೆಯಾಡುತ್ತಲೇ ಇದ್ದು ಆಮೇಲೆ ಹೊತ್ತಿಕೊಳ್ಳುತ್ತದೆ. ಮೆಷಿನ್ ಆಫ್ ಮಾಡಿದ ಮೇಲೆ ಒಂದು ಗಂಟೆ ಜಾಗದ ಮೇಲೆ ಕಣ್ಣಿಡಿ. ಎಣ್ಣೆ ಡ್ರಮ್, ಪೆಟ್ರೋಲ್ ಟ್ಯಾಂಕ್ ಖಾಲಿಯಿದ್ದರೂ ವೆಲ್ಡ್ ಮಾಡಲೇಬೇಡಿ. ಒಳಗುಳಿದ ಆವಿಯೇ ಸ್ಫೋಟಕ್ಕೆ ಸಾಕು.

ಅಭ್ಯಾಸಕ್ಕೆ 6 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು) ಪಟ್ಟಿ ತನ್ನಿ. ತೆಳು ಚೌಕ ಪೈಪಿನಿಂದ ಶುರುಮಾಡಿದರೆ ತೂತು ಬೀಳಿಸುವುದರಲ್ಲೇ ದಿನ ಕಳೆಯುತ್ತದೆ. ರಾಡ್ ಇ6013 ಎಂಬ ಗುರುತಿನದು, 2.5 ಮಿ.ಮೀ., ಕರೆಂಟ್ 75ರಿಂದ 80 ಆಂಪ್. ಬೆಂಕಿಕಡ್ಡಿ ಗೀರಿದ ಹಾಗೆ ತುದಿಯನ್ನು ಪಟ್ಟಿಯ ಮೇಲೆ ಗೀರಿ, ಆರ್ಕ್ ಹೊತ್ತಿದೊಡನೆ ಸುಮಾರು 2.5 ಮಿ.ಮೀ. ಅಂತರಕ್ಕೆ ತನ್ನಿ. ರಾಡಿನ ಹೋಲ್ಡರ್ ತುದಿಯನ್ನು ನೀವು ಸಾಗುವ ಕಡೆಗೆ 15 ಡಿಗ್ರಿ ಓರೆಮಾಡಿ ಎಳೆಯುತ್ತ ಬನ್ನಿ. ರಾಡು ಕರಗಿ ಗಿಡ್ಡವಾಗುತ್ತ ಹೋಗುವುದರಿಂದ ಕೈ ಮುಂದೆ ಸಾಗುವುದರ ಜೊತೆಗೆ ಕೆಳಕ್ಕೂ ಇಳಿಯುತ್ತಿರಬೇಕು. ಇದೇ ನಿಜವಾಗಿ ಕಷ್ಟದ ಭಾಗ. ಇಳಿಸುವುದು ತಡವಾದರೆ ಆರ್ಕ್ ಉದ್ದವಾಗಿ ಕಿಡಿ ಚದುರುತ್ತದೆ, ಬೆಸುಗೆಯಲ್ಲಿ ಗಾಳಿಗುಳ್ಳೆ ನಿಲ್ಲುತ್ತವೆ. ಬೇಗ ಇಳಿದರೆ ರಾಡು ಅಂಟಿಕೊಳ್ಳುತ್ತದೆ. ಅಂಟಿದರೆ ಪಕ್ಕಕ್ಕೆ ತಿರುಚಿ ಬಿಡಿಸಿ, ಬರದಿದ್ದರೆ ಹೋಲ್ಡರಿನ ಹಿಡಿ ಒತ್ತಿ ರಾಡನ್ನು ಬಿಟ್ಟುಬಿಡಿ. ಮೇಲಿಂದ ಮೇಲೆ ಅಂಟುತ್ತಿದ್ದರೆ 5 ಆಂಪ್ ಏರಿಸಿ, ರಾಡಿಗೆ ತೇವ ತಾಗಿದೆಯೇ ನೋಡಿ.

ನೋಟವನ್ನು ಉರಿಯುವ ಬೆಳಕಿನ ಮೇಲಿಡಬೇಡಿ, ಅದರ ಹಿಂದೆ ಕರಗಿ ನಿಂತ ಲೋಹದ ಕೊಳದ ಮೇಲಿಡಿ. ಕೊಳದ ಹಿಂಬದಿಯಲ್ಲಿ ಕಿಟ್ಟ, ಅಂದರೆ ರಾಡಿನ ಲೇಪ ಕರಗಿ ಆದ ಕಸ, ಮಬ್ಬಾಗಿ ಹೆಪ್ಪುಗಟ್ಟುತ್ತ ಬರುತ್ತದೆ. ಅದು ಮುಂದಕ್ಕೆ ಹರಿದು ರಾಡಿನ ಕೆಳಗೆ ನುಗ್ಗಿದರೆ ಬೆಸುಗೆಯೊಳಗೆ ಸಿಕ್ಕಿಬೀಳುತ್ತದೆ. ಹಾಗಾಗುವುದು ಕರೆಂಟ್ ಕಮ್ಮಿಯಿದ್ದಾಗ, ಇಲ್ಲವೇ ತೀರಾ ನಿಧಾನ ಸಾಗಿದಾಗ. ಆರಿದ ಕಿಟ್ಟವನ್ನು ಸುತ್ತಿಗೆಯಲ್ಲಿ ಬಿಡಿಸುವಾಗ ಬಿಳಿ ಗಾಜಿನ ಕನ್ನಡಕ ಇರಲೇಬೇಕು, ಸಿಡಿಯುವ ಚೂರು ಇನ್ನೂ ಬಿಸಿಯಿರುತ್ತದೆ.

ಮೇಲ್ನೋಟಕ್ಕೆ ಚೆಂದ ಕಾಣುವ ಬೆಸುಗೆ ಒಳಗೆ ಹಿಡಿದಿರದೆ ಇರಬಹುದು, ಆ ದೋಷವೂ ಭಾರ ಬಿದ್ದಾಗಲೇ ತಿಳಿಯುವುದು. ಕುರ್ಚಿ, ಏಣಿಗೆ ಕೈಹಾಕುವ ಮುನ್ನ ಎರಡು ಪಟ್ಟಿಗಳನ್ನು 'ಟಿ' ಆಕಾರಕ್ಕೆ ನಿಲ್ಲಿಸಿ, ಒಂದೇ ಮಗ್ಗುಲಿಗೆ ಬೆಸುಗೆ ಹಾಕಿ. ಆರಿದ ಮೇಲೆ ವೈಸಿಗೆ (ಬಿಗಿಹಿಡಿಯುವ ಇಕ್ಕಳ) ಕಚ್ಚಿಸಿ, ನಿಂತ ಪಟ್ಟಿಯನ್ನು ಬೆಸುಗೆಯಿರುವ ಕಡೆಗೇ ಬಾಗುವಂತೆ ಸುತ್ತಿಗೆಯಿಂದ ಬಡಿದು ಮುರಿಯಿರಿ. ಒಡೆದ ಮೈ ಉದ್ದಕ್ಕೂ ಬೂದುಬಣ್ಣದ ಹೊಸ ಲೋಹವಾಗಿದ್ದರೆ ಬೆಸುಗೆ ಬೇರಿನವರೆಗೆ ಇಳಿದಿದೆ. ಮೂಲೆಯಲ್ಲಿ ಪಟ್ಟಿಯ ಹಳೆಯ ಅಂಚು ಕರಗದೆ ನೇರ ಗೆರೆಯಾಗಿ ಉಳಿದಿದ್ದರೆ, ಅಥವಾ ಕಪ್ಪು ಕಿಟ್ಟದ ತೇಪೆ ಕಂಡರೆ, 5 ಆಂಪ್ ಏರಿಸಿ, ಆರ್ಕನ್ನು ಇನ್ನಷ್ಟು ಗಿಡ್ಡ ಹಿಡಿದು, ಇನ್ನೊಂದು ಜೋಡಿ ಪಟ್ಟಿ ತೆಗೆದುಕೊಳ್ಳಿ.