ಕರೆಂಟ್ ಹೋದರೆ ಸ್ಮಾರ್ಟ್ ಲಾಕ್ ತೆರೆದುಕೊಳ್ಳುತ್ತದೆಯೇ?

ಓದುಗರ ಪ್ರಶ್ನೆ: ಮನೆಯ ಮುಂಬಾಗಿಲಿಗೆ ಕಡಿಮೆ ಬೆಲೆಯ ಸ್ಮಾರ್ಟ್ ಲಾಕ್ ಹಾಕಿಸಬೇಕೆಂದಿದ್ದೇನೆ. ಕರೆಂಟ್ ಹೋದ ಕೂಡಲೇ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ ಎಂದು ಹೇಳುತ್ತಾರೆ. ಇದು ನಿಜವೇ?

ಇಲ್ಲ. ಈ ಒಂದು ಪದದ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಕೊಟ್ಟಷ್ಟೂ ಪ್ರಶ್ನೆ ಮರಳಿ ಬರುತ್ತಿರುವುದರಿಂದ, ಈ ಬಾರಿ ಆ ನಂಬಿಕೆ ಹುಟ್ಟಿದ್ದೆಲ್ಲಿ ಎಂಬುದನ್ನೇ ಬಿಡಿಸಿ ಹೇಳುತ್ತೇನೆ.

ಅದು ಹುಟ್ಟಿದ್ದು ಕಚೇರಿಗಳ ಗಾಜಿನ ಬಾಗಿಲಿನಲ್ಲಿ. ಕಾರ್ಡ್ ತೋರಿಸಿದರೆ ತೆರೆಯುವ ಅಂಥ ಬಾಗಿಲುಗಳ ಮೇಲ್ಭಾಗದಲ್ಲಿ ಬಹಳಷ್ಟು ಕಡೆ ಒಂದು ವಿದ್ಯುತ್ಕಾಂತವಿರುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತಿರುವಷ್ಟು ಹೊತ್ತು ಮಾತ್ರ ಬಾಗಿಲಿಗೆ ಕೂರಿಸಿದ ಕಬ್ಬಿಣದ ಪಟ್ಟಿಯನ್ನು ಅದು ಹಿಡಿದಿಟ್ಟಿರುತ್ತದೆ. ವಿದ್ಯುತ್ ನಿಂತ ಕ್ಷಣವೇ ಹಿಡಿತ ಬಿಟ್ಟುಹೋಗುತ್ತದೆ. ಇದು ದೋಷವಲ್ಲ, ಬೆಂಕಿ ಬಿದ್ದಾಗ ಒಳಗಿದ್ದವರು ಸಿಕ್ಕಿಕೊಳ್ಳಬಾರದೆಂದು ಬೇಕೆಂದೇ ಮಾಡಿದ ಏರ್ಪಾಡು. ಕಚೇರಿಯಲ್ಲಿ ಇದನ್ನು ಕಂಡವರು ಮನೆಯ ಬೀಗವೂ ಹೀಗೆಯೇ ಇರಬೇಕೆಂದು ಎಣಿಸಿದರು. ಕಂಡವರ ಮಾತು ಕಾಣದವರ ಬಾಯಲ್ಲಿ ಬೆಳೆಯಿತು.

ಮನೆಯ ಸ್ಮಾರ್ಟ್ ಲಾಕಿನಲ್ಲಿ ಬಾಗಿಲನ್ನು ಹಿಡಿದಿರುವುದು ಕಾಂತವಲ್ಲ, ಚೌಕಟ್ಟಿನೊಳಗೆ ಚಾಚಿಕೊಂಡಿರುವ ಲೋಹದ ಬೋಲ್ಟ್. ವಿದ್ಯುತ್ತಿನ ಕೆಲಸ ಅದನ್ನು ಹಿಡಿದಿಡುವುದಲ್ಲ, ಸರಿಸುವುದು ಮಾತ್ರ. ಹಿಡಿಕೆಯಿರುವ ಅಗ್ಗದ ಮಾದರಿಗಳಲ್ಲಂತೂ ಒಳಗಿನ ಪುಟ್ಟ ಮೋಟರ್ ಸಾಮಾನ್ಯವಾಗಿ ಬೋಲ್ಟನ್ನು ಮುಟ್ಟುವುದೂ ಇಲ್ಲ: ನಿಮ್ಮ ಬೆರಳಚ್ಚು ಹೊಂದಿಕೆಯಾದಾಗ ‘ಟಿರ್’ ಎಂದು ಒಂದು ಕ್ಷಣ ತಿರುಗಿ, ಹೊರಗಿನ ಹಿಡಿಕೆಯನ್ನು ಬೋಲ್ಟಿಗೆ ಜೋಡಿಸುತ್ತದೆ, ಬೋಲ್ಟನ್ನು ಎಳೆಯುವುದು ಹಿಡಿಕೆ ಒತ್ತುವ ನಿಮ್ಮ ಕೈ. ವಿದ್ಯುತ್ ಪೂರ್ತಿ ಇಲ್ಲವಾದರೆ ಹೊರಗಿನ ಹಿಡಿಕೆ ಸುಮ್ಮನೆ ಮೇಲೆ ಕೆಳಗೆ ಆಡುತ್ತದೆ, ಬೋಲ್ಟ್ ಇದ್ದಲ್ಲೇ ಇರುತ್ತದೆ. ಒಳಗಿನ ಹಿಡಿಕೆ ಬರಿಯ ಯಾಂತ್ರಿಕ ಜೋಡಣೆಯಾದುದರಿಂದ ಒಳಗಿದ್ದವರು ಎಂದಿನಂತೆ ಹೊರಗೆ ಬರಬಹುದು.

ಇನ್ನೊಂದು ಮಾತು. ಇಂಥ ಬೀಗಕ್ಕೆ ಗೋಡೆಯ ಕರೆಂಟಿನ ಹಂಗೇ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವು ನಡೆಯುವುದು ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ. ಬೀದಿಯೆಲ್ಲ ಕತ್ತಲಾದರೂ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ವೈಫೈ ನಿಂತರೆ ದೂರದಿಂದ ಫೋನಿನಲ್ಲಿ ತೆರೆಯುವ ಸೌಕರ್ಯ ತಪ್ಪೀತು. ಆದರೆ ಬೆರಳಚ್ಚು ಮತ್ತು ಪಿನ್ ಸಂಖ್ಯೆಗಳ ದಾಖಲೆ ಬೀಗದೊಳಗೇ ಇರುವುದರಿಂದ ಅವು ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ, ಸೆಲ್ ಮುಗಿದಾಗ ಒಳಗೆ ಹೋಗುವುದು ಹೇಗೆ ಎಂಬುದು. ಮುಗಿಯುವ ಮೊದಲೇ ಬೀಗ ದೀಪ ಮಿನುಗಿಸಿಯೋ ಸದ್ದು ಮಾಡಿಯೋ ಎಚ್ಚರಿಸುತ್ತದೆ. ಅದನ್ನೂ ಕಡೆಗಣಿಸಿದವರಿಗಾಗಿ ಹೊರಗಡೆ, ಹೆಚ್ಚಾಗಿ ತಳಭಾಗದಲ್ಲಿ, 9 ವೋಲ್ಟಿನ ಚೌಕ ಬ್ಯಾಟರಿಯನ್ನು ಒತ್ತಿಹಿಡಿಯಲು ಎರಡು ಲೋಹದ ಬೊಟ್ಟುಗಳೋ, ಪವರ್ ಬ್ಯಾಂಕ್ ಜೋಡಿಸಲು ಯುಎಸ್‌ಬಿ ಕಿಂಡಿಯೋ ಇರುತ್ತದೆ. ಹೀಗೆ ಹೊರಗಿನಿಂದ ವಿದ್ಯುತ್ ಕೊಟ್ಟರೆ ಬೀಗ ಎಚ್ಚರವಾಗುತ್ತದೆಯೇ ಹೊರತು ತೆರೆಯುವುದಿಲ್ಲ. ಬೆರಳನ್ನೋ ಪಿನ್ನನ್ನೋ ಆಮೇಲೂ ಕೊಡಲೇಬೇಕು. ಕೊಳ್ಳುವಾಗ ಬಾಗಿಲಿನ ದಪ್ಪಕ್ಕೆ ಬೀಗ ಹೊಂದುತ್ತದೆಯೇ ಎಂಬುದರ ಜೊತೆಗೆ ಈ ಕಿಂಡಿಯೂ ಬೀಗದ ಕೈಯ ರಂಧ್ರವೂ ಇವೆಯೇ ಎಂದು ನೋಡಿಕೊಳ್ಳಿ. ಎರಡೂ ಇಲ್ಲದ ಬೀಗ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಬೀಗದ ಕೈ ಎಂದಾಗ ಒಂದು ಹಳೆಯ ಮುಜುಗರ ನೆನಪಾಗುತ್ತದೆ. ತುರ್ತಿಗೆಂದು ಕೊಟ್ಟಿದ್ದ ಎರಡೂ ಕೈಗಳನ್ನು ನಾನು ಜೋಪಾನವಾಗಿ, ಬೀಗ ಬಂದ ಡಬ್ಬಿಯಲ್ಲೇ ಇಟ್ಟು, ಡಬ್ಬಿಯನ್ನು ಮನೆಯೊಳಗಿನ ಕಪಾಟಿನಲ್ಲಿ ಇಟ್ಟಿದ್ದೆ. ಹೊರಗೆ ನಿಂತಾಗಲೇ ಆ ಜೋಪಾನದ ಬೆಲೆ ತಿಳಿದದ್ದು. ಒಂದು ಕೈ ಮನೆಯ ಹೊರಗೆ, ನಂಬಿಕಸ್ಥರ ಬಳಿ ಇರಲಿ.

ಯಾರೂ ಕೇಳದಿದ್ದರೂ ಹೇಳಲೇಬೇಕಾದ ಸಂಗತಿಯೊಂದಿದೆ: ಸೆಲ್‌ಗಳು ಹೇಳಿದ್ದಕ್ಕಿಂತ ಬೇಗ ಮುಗಿದರೆ ಬೀಗವನ್ನು ಬಯ್ಯುವ ಮೊದಲು ಬಾಗಿಲನ್ನು ನೋಡಿ. ಬೋಲ್ಟನ್ನು ಮೋಟರೇ ಸರಿಸುವ ಮಾದರಿಗಳಲ್ಲಿ, ಮಳೆಗಾಲದಲ್ಲಿ ಮರ ಉಬ್ಬಿಯೋ, ಕೀಲು ಸಡಿಲಾಗಿಯೋ ಬಾಗಿಲು ಕೂದಲೆಳೆಯಷ್ಟು ಜಗ್ಗಿದರೂ ಬೋಲ್ಟ್ ಚೌಕಟ್ಟಿನ ತಗಡಿಗೆ ಉಜ್ಜುತ್ತದೆ. ಪ್ರತಿ ಸಲವೂ ಮೋಟರ್ ತಿಣುಕುತ್ತ ಸೆಲ್‌ಗಳನ್ನು ಹೀರುತ್ತದೆ. ಪರೀಕ್ಷೆ ಸುಲಭ. ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಬೀಗ ಹಾಕಿ ಕಿವಿಗೊಡಿ. ಮುಚ್ಚಿದಾಗ ಸದ್ದು ಎಳೆದಂತಾದರೆ ಕರೆಸಬೇಕಾದವನು ಬಡಗಿ, ಬೀಗದವನಲ್ಲ.

ಸೆಲ್‌ಗಳ ಆಯ್ಕೆಯಲ್ಲೂ ಜಾಣತನ ತೋರಿಸಲು ಹೋಗಬೇಡಿ. ರೀಚಾರ್ಜ್ ಮಾಡುವ ಸಾಮಾನ್ಯ ಸೆಲ್ ಒಂದೊಂದೂ 1.2 ವೋಲ್ಟ್; ನಾಲ್ಕು ಸೇರಿದರೆ 4.8. ಬೀಗ ಎಣಿಸಿರುವುದು ಕ್ಷಾರೀಯ (ಆಲ್ಕಲೈನ್) ಸೆಲ್‌ಗಳ 6 ವೋಲ್ಟನ್ನು, ಹೀಗಾಗಿ ಪೂರ್ತಿ ತುಂಬಿದ ಸೆಲ್‌ಗಳನ್ನೇ ಅರೆಖಾಲಿ ಎಂದು ಅದು ತಿಳಿಯಬಹುದು. ಲಿಥಿಯಂ ಸೆಲ್‌ಗಳದ್ದು ಇದಕ್ಕೆ ವಿರುದ್ಧ: ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಇಳಿಯದೆ ಒಮ್ಮೆಲೇ ಕುಸಿಯುವುದರಿಂದ ಎಚ್ಚರಿಕೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ತಯಾರಕರು ಬೇರೆ ಹೇಳಿರದಿದ್ದರೆ ಕ್ಷಾರೀಯ ಸೆಲ್‌ಗಳನ್ನೇ ಹಾಕಿ, ನಾಲ್ಕನ್ನೂ ಒಟ್ಟಿಗೇ ಬದಲಿಸಿ. ಬದಲಿಸುವಾಗ ಬಾಗಿಲು ತೆರೆದಿರಲಿ.